ಠಕಾರದ ಚುಕ್ಕೆ

ಮೈಸೂರಿನ ಹಳೆಯ ಬಡಾವಣೆಯಲ್ಲಿದ್ದ ಆ ಮನೆಯನ್ನು ಕೆಡವಿ ಹೊಸದಾಗಿ ಕಟ್ಟಿಸುವುದೆಂದು ಮಕ್ಕಳು ನಿಶ್ಚಯಿಸಿದಾಗ ರಾಯರು ಎದುರಾಡಲಿಲ್ಲ. ತೊಲೆ, ಕಂಬ, ಕೆಂಪು ಗಾರೆಯ ನೆಲ, ಯಾವುದರ ಮೇಲೂ ಅವರಿಗೆ ಅತಿಮೋಹವಿರಲಿಲ್ಲ. ಗೇಟಿನ ಬದಿಯ ತಗಡಿನ ಫಲಕವೊಂದೇ ಅವರನ್ನು ಕಾಡಿದ್ದು. ನಂಜನಗೂಡಿನ ಮನೆದೇವರ ಹೆಸರನ್ನು, 'ಶ್ರೀಕಂಠ' ಎಂಬ ಮೂರಕ್ಷರಗಳನ್ನು, ಅವರ ತಂದೆ ತಮ್ಮ ಕೈಯಿಂದಲೇ ಅದರ ಮೇಲೆ ಬರೆದಿದ್ದರು. ತಂದೆಯವರ ಬರಹವೆಂದು ಉಳಿದದ್ದು ಅದಿಷ್ಟೇ. ಪತ್ರಗಳನ್ನು ಗೆದ್ದಲು ಎಂದೋ ಮುಗಿಸಿತ್ತು. ಈಗ ತುಕ್ಕು ಶ್ರೀಕಾರದ ಒತ್ತನ್ನು ತಿನ್ನತೊಡಗಿತ್ತು.

ರಾಯರು ಫಲಕದ ಮೇಲೆ ತೆಳುಗಾಗದವನ್ನಿಟ್ಟು ಅಕ್ಷರಗಳ ಅಂಚನ್ನು ಪೆನ್ಸಿಲಿನಿಂದ ಎತ್ತಿಕೊಂಡರು. ಹೊಸ ಮನೆಗೆ ಅದೇ ಅಕ್ಷರಗಳನ್ನು ನೀಲಿ ಅಕ್ರಿಲಿಕ್ ಹಾಳೆಯಲ್ಲಿ ಕೊರೆದು ಬಿಳಿಯ ಹಾಳೆಯ ಮೇಲೆ ಕೂರಿಸಬೇಕೆಂಬುದು ಅವರ ಸಂಕಲ್ಪ. ತಗಡಿನಂತೆ ತುಕ್ಕು ಹಿಡಿಯದು, ಮರದಂತೆ ಮಳೆಗೆ ಉಬ್ಬದು. ೧೯೩೩ರಲ್ಲಿ ಜರ್ಮನಿಯಲ್ಲಿ ಪ್ಲೆಕ್ಸಿಗ್ಲಾಸ್ ಎಂಬ ಹೆಸರಿನಿಂದ ಹೊರಬಂದ ಈ ವಸ್ತು ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳ ಕಿಟಕಿಯಾಗಿ ಮಳೆಗಾಳಿಗಳನ್ನೆಲ್ಲ ತಡೆದುಕೊಂಡದ್ದು. ಮೈಸೂರಿನ ಆಷಾಢ ಅದಕ್ಕೆ ಯಾವ ಲೆಕ್ಕ!

ಆದರೆ ಕೊರೆಯುವುದು ಹೇಗೆ? ಬಡಗಿಯಿಂದ ಜಿಗ್ ಸಾ ಎಂಬ ಕೈಗರಗಸ ಬಂತು. ಸುಮಾರು ೫೦೦ ವ್ಯಾಟಿನ ಯಂತ್ರ. ತೇಗದ ಹಲಗೆಯನ್ನು ಹಲಸಿನ ಹಣ್ಣಿನಂತೆ ಬಗೆಯಬಲ್ಲದು. ಅದರ ಅಲಗಿನ ಹಲ್ಲುಗಳು ಮೇಲ್ಮುಖವಾಗಿದ್ದು, ಕೊಯ್ಯುವಾಗ ಹಾಳೆಯನ್ನು ಎತ್ತೆತ್ತಿ ಕುಟ್ಟುತ್ತವೆ. ಐದು ಮಿಲಿಮೀಟರಿನ ಹಾಳೆ ಗಡಗಡನೆ ನಡುಗಿ, ಶ್ರೀಕಾರದ ತಿರುವಿನಲ್ಲಿ ಚಟ್ಟೆಂದು ಸೀಳಿತು. ಎರಡನೆಯ ತುಂಡನ್ನು ಅಂಚಿನವರೆಗೂ ಬಿಗಿಯಾಗಿ ಹಿಡಿಕೆ ಹಾಕಿ, ವೇಗವನ್ನು ಏರಿಸಿ ನೋಡಿದರು. ಈ ಸಲ ಬಿರುಕಿಲ್ಲ. ಆದರೆ ಕೊಯ್ದ ಗೆರೆ ಹಿಂದಿನಿಂದಲೇ ಬೆಸೆದುಕೊಳ್ಳುತ್ತ ಬಂತು! ಅಕ್ರಿಲಿಕ್ ಸುಮಾರು ೧೦೫ ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಮೆತ್ತಗಾಗುತ್ತದೆ. ಓಡುವ ಅಲಗಿನ ಬಿಸಿಗೆ ಪುಡಿ ಕರಗಿ, ಆರಿದ ಪಾಕದಂತೆ ಸಂದಿಯಲ್ಲಿ ಹೆಪ್ಪುಗಟ್ಟಿತ್ತು.

"ಕಾಗದ ಒಂದೇ ಇರೋದು, ಜ್ಞಾಪಕವಿರಲಿ," ಎಂದರು ಅವರ ಮನೆಯವರು ಬಾಗಿಲಲ್ಲಿ ನಿಂತು.

"ಹಾಳೆ ಹೋದರೆ ಇನ್ನೊಂದು ತರಬಹುದು. ಕಾಗದವನ್ನು ನಾನು ಮುಟ್ಟಿಲ್ಲ," ಎಂದರು ರಾಯರು. ಮೂಲ ಕಾಗದವನ್ನು ಬೀರುವಿನಲ್ಲಿಟ್ಟು ಅದರ ಪ್ರತಿಯನ್ನಷ್ಟೇ ಹಾಳೆಗೆ ಅಂಟಿಸುವಷ್ಟು ವಿವೇಕ ಅವರಿಗಿತ್ತು.

ಮೊಮ್ಮಗ ತಾತನನ್ನು ಲೇಸರಿನಿಂದ ಕೊರೆಯುವ ಅಂಗಡಿಗೆ ಕರೆದೊಯ್ದ. ಅಲ್ಲಿ ಹಲ್ಲಿಲ್ಲ, ನಡುಕವಿಲ್ಲ. ಬೆಳಕೇ ಹಾಳೆಯನ್ನು ಆವಿಯಾಗಿಸಿ ಅಂಚಿಗೆ ಗಾಜಿನ ಹೊಳಪು ಕೊಡುತ್ತದೆ. ನಿಖರತೆಯಲ್ಲಿ ಅದು ಕೈಗರಗಸಕ್ಕಿಂತ ಬಹಳ ಮೇಲೆಂದು ಒಪ್ಪಲೇಬೇಕು. ಆದರೆ ಅಂಗಡಿಯ ಹುಡುಗ ಕಾಗದದ ಗೆರೆಗಳನ್ನು ಕಂಪ್ಯೂಟರಿಗೇರಿಸುವಾಗ ಸದ್ಭಾವದಿಂದಲೇ ಸ್ವಲ್ಪ ತಿದ್ದಿದ್ದ. ಕಕಾರದ ವಾಲು ನೆಟ್ಟಗಾಗಿತ್ತು. ಠಕಾರ ಕೈವಾರದಲ್ಲೆಳೆದಂತಾಗಿ, ಅದರ ಚುಕ್ಕೆ ನಟ್ಟನಡುವೆ ಬಂದು ಕುಳಿತಿತ್ತು. "ಚೆನ್ನಾಗಿ ಬಂತಲ್ವಾ ಸಾರ್?" ಎಂದ ಅವನು. ಚೆನ್ನಾಗಿಯೇ ಇತ್ತು. ಇದ್ದಂತೆಯೇ ಇರಲೆಂದರೆ ಅವನು ಹಾಗೆಯೇ ಮಾಡಿಕೊಡುತ್ತಿದ್ದ, ತಪ್ಪು ಯಂತ್ರದ್ದಲ್ಲ. ಆದರೂ ರಾಯರು, "ನೋಡೋಣಪ್ಪ," ಎಂದು ಕಾಗದವನ್ನು ಮಡಿಸದೆ ಸುತ್ತಿಕೊಂಡು ಹೊರಬಿದ್ದರು. ತಂದೆಯ ಕೈ ಸುಳಿದ ತಿರುವಿನಲ್ಲಿ ತಮ್ಮ ಕೈಯೂ ಒಮ್ಮೆ ಸುಳಿಯಲೆಂಬ ಆಸೆಯನ್ನು ಅಂಗಡಿಯಲ್ಲಿ ನಿಂತು ಹೇಳಿಕೊಳ್ಳುವುದು ಹೇಗೆ?

ಯಂತ್ರಗಳ ಅಂಗಡಿಯವನು ಮೊದಲು ರೌಟರನ್ನು ಹೊಗಳಿದ. ಸಾವಿರ ವ್ಯಾಟಿಗೂ ಹೆಚ್ಚಿನ ಬಲ, ಗಿರಗಿರನೆ ತಿರುಗುವ ಕೊರೆ. ಅಚ್ಚೊಂದನ್ನು ಮಾಡಿಟ್ಟರೆ ಒಂದೇ ಅಕ್ಷರವನ್ನು ನೂರು ಸಲ ಕೊರೆಯಬಹುದು. ರಾಯರಿಗೆ ಬೇಕಾದದ್ದು ಒಂದೇ ಸಲ. ಮೇಲಾಗಿ ಕೊರೆ ದುಂಡಗಿರುವುದರಿಂದ ತನ್ನ ದಪ್ಪಕ್ಕಿಂತ ಕಿರಿದಾದ ಸಂದಿಗೆ ಅದು ನುಗ್ಗಲಾರದು.

ಮೂಲೆಯಲ್ಲಿ ಸ್ಕ್ರೋಲ್ ಸಾ ಧೂಳು ಹಿಡಿದು ಕೂತಿತ್ತು. ಬಲ ಸುಮಾರು ೧೨೦ ವ್ಯಾಟು ಮಾತ್ರ. ನೂಲಿನಂಥ ಅಲಗನ್ನು ಮೇಲೆ ಕೆಳಗೆ ಎರಡೂ ಕಡೆ ವೀಣೆಯ ತಂತಿಯಂತೆ ಬಿಗಿದಿರುತ್ತಾರೆ. ಇಲ್ಲಿ ಗರಗಸ ನಿಂತಲ್ಲೇ ನಿಲ್ಲುತ್ತದೆ. ಹಾಳೆಯನ್ನೇ ಬೆರಳುಗಳಿಂದ ತಿರುಗಿಸಬೇಕು. ಅಲಗಿನ ಓಟವನ್ನು ನಿಮಿಷಕ್ಕೆ ೧೬೦೦ರಿಂದ ೪೦೦ಕ್ಕೆ ಇಳಿಸಬಹುದಾದ್ದರಿಂದ ಕರಗುವ ಕಾಟವೂ ಕಡಮೆ. ಅಲಗಿನ ಹಿಂದೆ ಹದಿನಾರು ಅಂಗುಲದಷ್ಟೇ ಎಡೆಯಿತ್ತು; ಒಂದೊಂದಕ್ಷರವನ್ನು ಬೇರೆಬೇರೆ ತುಂಡಿನಲ್ಲಿ ಕೊರೆಯುವವರಿಗೆ ಅದು ಧಾರಾಳ.

ರಾಯರು ಕೇಳಿದ ಪ್ರಶ್ನೆ ಒಂದೇ: "ಮೊಳೆಯಿಲ್ಲದ ಅಲಗು ಇದಕ್ಕೆ ಹಿಡಿಯುತ್ತದೆಯೇ?" ಅಂಗಡಿಯವನು ಬೆರಗಾದ. ಕೆಲವು ಅಲಗುಗಳ ತುದಿಗೆ ಅಡ್ಡಮೊಳೆ ಇರುತ್ತದೆ. ಅದನ್ನು ತೂರಿಸಲು ಕಾಲು ಅಂಗುಲದಷ್ಟು ತೂತು ಬೇಕು. ತಂದೆಯವರ ಸೊನ್ನೆಯ ಹೊಟ್ಟೆಯೇ ಅಷ್ಟಿಲ್ಲ! ಇಂಗ್ಲಿಷಿನ ಎಲ್, ಟಿ ಅಕ್ಷರಗಳಾದರೆ ಯಾವ ಗರಗಸವಾದರೂ ನಡೆದೀತು. ಕನ್ನಡದ ಸೊನ್ನೆ, ಠಕಾರಗಳಿಗೆ ಒಳಗೊಂದು ಮುಚ್ಚಿದ ಬಯಲಿದೆ. ಸಣ್ಣ ತೂತು ಕೊರೆದು, ಅಲಗನ್ನು ಬಿಚ್ಚಿ ಸೂಜಿಗೆ ದಾರ ಪೋಣಿಸುವಂತೆ ತೂರಿಸಿ, ಮತ್ತೆ ಬಿಗಿಯಬೇಕು. ತಾಳೆಗರಿಯ ಮೇಲೆ ಕಂಟದಿಂದ ನೇರಗೆರೆ ಎಳೆದರೆ ಗರಿ ಸೀಳುವುದೆಂದು ನಮ್ಮ ಅಕ್ಷರಗಳು ದುಂಡಗಾದುವೆಂದು ಹೇಳುವುದುಂಟು. ಅಕ್ರಿಲಿಕ್ಕಿಗೂ ಚೂಪಾದ ಒಳಮೂಲೆಯೆಂದರೆ ಆಗದು. ಬಿರುಕು ಹುಟ್ಟುವುದು ಅಲ್ಲಿಂದಲೇ. ದುಂಡನೆಯ ತಿರುವನ್ನು ಅದು ಸಹಿಸುತ್ತದೆ.

ಹಾಳೆಯನ್ನು ಕೊಳ್ಳುವಾಗಲೂ ರಾಯರು ಕೇಳಿ, ಎರಕದ ಹಾಳೆಯನ್ನೇ ತಂದರು. ಯಂತ್ರದಿಂದ ಹಿಂಡಿ ತೆಗೆದ ಅಗ್ಗದ ಹಾಳೆ ಬಲುಬೇಗ ಕರಗಿ ಅಂಟಾಗುತ್ತದೆ. ಮೇಲಿನ ಕಾಗದವನ್ನು ಸುಲಿಯಲಿಲ್ಲ. ತೀರ ನಯವಾದ ಹಲ್ಲಿನ ಅಲಗನ್ನು ಬಿಟ್ಟು, ಪುಡಿಯನ್ನು ಹೊರಗೆಸೆಯಬಲ್ಲ ವಿರಳ ಹಲ್ಲಿನದನ್ನು ಆರಿಸಿದರು. ಒಂದು ವಾರವೆಲ್ಲ ಚೂರುಪಾರು ತುಂಡುಗಳ ಮೇಲೆ ಬರೀ ಸೊನ್ನೆ ಸುತ್ತಿದರು, ಅಕ್ಷರಾಭ್ಯಾಸದ ಮಗುವಿನಂತೆ.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಅಕ್ಷರಗಳೆಲ್ಲ ಹೊರಬಂದಿದ್ದುವು. ಠಕಾರದ ಒಳಗಿನಿಂದ ಕಳಚಿಬಿದ್ದ ನೀಲಿ ಬಿಲ್ಲೆಯಿಂದಲೇ ರಾಯರು ಅದರ ಚುಕ್ಕೆಯನ್ನು ಕೊರೆದರು. ಬಿಳಿಯ ಹಾಳೆಯ ಮೇಲೆ ಒಂದೊಂದನ್ನೇ ಅಂಟಿಸಿ, ಕೊನೆಗೆ ಚುಕ್ಕೆಯನ್ನು ಚಿಮಟದಲ್ಲಿ ಹಿಡಿದು ಉಂಗುರದೊಳಗೆ ಇಳಿಸಿದರು.

ಅವರ ಮನೆಯವರು ಬೀರುವಿನಿಂದ ಮೂಲ ಕಾಗದವನ್ನು ತಂದು ಪಕ್ಕದಲ್ಲಿ ಹಿಡಿದರು. "ಮಾವನವರು ಅಷ್ಟು ನಡುವೆ ಇಡುತ್ತಿರಲಿಲ್ಲ," ಎಂದರು. "ಇನ್ನೊಂದು ಚೂರು ಬಲಕ್ಕೆ."

ರಾಯರು ಚುಕ್ಕೆಯನ್ನು ಬಲಕ್ಕೆ ಸರಿಸಿ, ಅಂಟು ಆರುವವರೆಗೂ ಕೈಯನ್ನು ಅಲ್ಲಾಡಿಸಲಿಲ್ಲ.