ಖಾಲಿ ತೋಟಾ

ಗುಂಡು ಹಾರಿಹೋದ ಮೇಲೆ ಉಳಿಯುವ ತೋಟಾದ ಚಿಪ್ಪನ್ನು ಲೋಕವು ಕಸವೆಂದೇ ಎಣಿಸುತ್ತದೆ. ಸೂಕ್ಷ್ಮವಾದ ಗುರಿಯನ್ನು ಸಾಧಿಸಹೊರಟವನು ಮಾತ್ರ ಬಾಗಿ ಅದನ್ನು ಹೆಕ್ಕಿಕೊಳ್ಳುತ್ತಾನೆ. ಗುಂಡು, ಮದ್ದು, ಕೇಪು, ಈ ಮೂರೂ ಒಂದು ಸಲದ ಅತಿಥಿಗಳು. ಹಿತ್ತಾಳೆಯ ಚಿಪ್ಪೊಂದೇ ಮರಳಿ ಮರಳಿ ಬರತಕ್ಕದ್ದು. ಅಮೆರಿಕಾ ದೇಶದಲ್ಲಿ ರೈಫಲನ್ನು ಮೇಜಿನ ಮೇಲೆ ಊರಿ ಗುರಿಯಿಡುವ ಸ್ಪರ್ಧಿಗಳು ಇದರ ಆರೈಕೆಯನ್ನು ಒಂದು ವಿದ್ಯೆಯಾಗಿಯೇ ಬೆಳೆಸಿದ್ದಾರೆ. ನೂರು ಗಜದಾಚೆ ಐದು ಗುಂಡುಗಳೂ ಒಂದೇ ರಂಧ್ರದಲ್ಲಿ ಹಾಯಬೇಕೆಂಬುದು ಅವರ ಹಟ.

ಅಂಥವನ ಕೆಲಸ ನಿಧಾನದ್ದು. ಮೊದಲು ಸುಟ್ಟ ಕೇಪನ್ನು ಹೊರದೂಡಿ, ಮಸಿಯನ್ನು ತೊಳೆಯುವನು. ಬಳಿಕ ಚಿಪ್ಪಿಗೆ ಜಿಡ್ಡು ಸವರಿ, ಉಕ್ಕಿನ ಅಚ್ಚಿನೊಳಕ್ಕೆ ಒತ್ತಿ, ಉಬ್ಬಿದ ಮೈಯನ್ನು ಕುಗ್ಗಿಸುವನು. ಅದರ ಹೆಗಲು ಹಿಂದೆ ಸರಿಯಬೇಕಾದುದು ಅಂಗುಲದ ಸಾವಿರದಲ್ಲಿ ಒಂದೆರಡು ಪಾಲು ಮಾತ್ರ. ಉದ್ದ ಮೀರಿದ್ದರೆ ಕತ್ತರಿಸಿ, ಬಾಯಿಯ ಒರಟನ್ನು ಹೆರೆದು, ಕತ್ತಿನ ದಪ್ಪ ಸುತ್ತಲೂ ಸಮನಾಗುವಂತೆ ಸಣ್ಣಗೆ ಕೆತ್ತುವನು. ಕತ್ತು ಒಂದೆಡೆ ದಪ್ಪ, ಒಂದೆಡೆ ತೆಳುವಾಗಿದ್ದರೆ ಗುಂಡು ಓರೆಯಾಗಿ ಕುಳಿತೀತು. ಓರೆಯಾಗಿ ಹೊರಟುದು ನೇರವಾಗಿ ಸೇರುವುದೆಂತು?

ತೋಟಾದ ಹಿತ್ತಾಳೆಯಲ್ಲಿ ತಾಮ್ರ ನೂರಕ್ಕೆ 70 ಪಾಲು, ಸತು 30 ಪಾಲು. ಹಾರಿಸಿದಾಗಲೆಲ್ಲ ಅದು ಹಿಗ್ಗುತ್ತದೆ, ಅಚ್ಚಿಗಿಟ್ಟಾಗಲೆಲ್ಲ ಕುಗ್ಗುತ್ತದೆ. ಹೀಗೆ ದಣಿದು ಗಡುಸಾಗಿ ಕಡೆಗೆ ಕತ್ತಿನಲ್ಲಿ ಸೀಳುತ್ತದೆ. ಇದಕ್ಕೆ ಬೆಂಕಿಯೇ ಮದ್ದು. ಬಿಂದಿಗೆ ಬಡಿಯುವ ಕಂಚುಗಾರನು ನಡುನಡುವೆ ಲೋಹವನ್ನು ಕಾಯಿಸುವುದೂ ಈ ಕಾರಣಕ್ಕೇ. ಆದರೆ ಇಲ್ಲಿ ಕತ್ತನ್ನೂ ಹೆಗಲನ್ನೂ ಮಾತ್ರ ಕೆಲವೇ ಕ್ಷಣ ಕಾಯಿಸಬೇಕು. ಬುಡಕ್ಕೆ ಕಾವು ತಗಲಿ ಅದು ಮೆತ್ತಗಾಯಿತೆಂದರೆ ಅನರ್ಥ. ಚದರ ಅಂಗುಲಕ್ಕೆ 50,000 ಪೌಂಡನ್ನೂ ಮೀರುವ ಒತ್ತಡವನ್ನು ತಡೆಯಬೇಕಾದುದು ಆ ಬುಡವೇ, ಅದರ ಹಿಂದೆಯೇ ಇರುವುದು ಹಾರಿಸುವವನ ಮುಖ.

ಹಿತ್ತಾಳೆಯು ತನಗಾದ ಬಲಾತ್ಕಾರವನ್ನು ಮರೆಯದೆಂಬುದಕ್ಕೆ ನಮ್ಮ ದೇಶದಲ್ಲಿಯೇ ನಿದರ್ಶನವುಂಟು. ಬ್ರಿಟಿಷರ ಸೇನೆಯ ತೋಟಾಗಳು ಇಲ್ಲಿ ಮಳೆಗಾಲದಲ್ಲಿ, ಯಾರೂ ಮುಟ್ಟದೆಯೇ, ಇಟ್ಟಲ್ಲಿಯೇ ಬಿರಿಯುತ್ತಿದ್ದವು. ಕುದುರೆಲಾಯಗಳ ಗಂಜಲದಿಂದೇಳುವ ಅಮೋನಿಯಾ, ಮಳೆಗಾಲದ ತೇವ, ತಯಾರಿಕೆಯ ಕಾಲದಲ್ಲಿ ಲೋಹದೊಳಗೆ ಉಳಿದ ಬಿಗುಪು, ಈ ಮೂರೂ ಕೂಡಿದುದರ ಫಲವದು ಎಂದು 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ವಿಜ್ಞಾನಿಗಳು ವಿವರಿಸಿದರು. ಹದವಾಗಿ ಕಾಯಿಸಿ ಒಳಗಿನ ಬಿಗುಪನ್ನು ಕಳೆಯುವುದೇ ಅದಕ್ಕೂ ಪರಿಹಾರವಾಯಿತು.

ಆದರೂ ಎಷ್ಟು ಆರೈಕೆ ಮಾಡಿದರೂ ಚಿಪ್ಪಿಗೆ ಆಯುಷ್ಯದ ಮಿತಿಯುಂಟು. ಬುಡದಿಂದ ತುಸು ಮೇಲೆ ಗೋಡೆ ಒಳಗೊಳಗೇ ತೆಳುವಾಗುತ್ತ ಬರುವುದು. ಹೊರಗೆ ಕಾಣುವುದು, ಕಂಡರೆ, ಒಂದು ಹೊಳಪಿನ ಗೆರೆ ಮಾತ್ರ. ಆದಕಾರಣ ಬಲ್ಲವನು ತುದಿ ಬಾಗಿಸಿದ ತಂತಿಯೊಂದನ್ನು ಒಳಗಿಳಿಸಿ ಗೋಡೆಯುದ್ದಕ್ಕೂ ಎಳೆದು ನೋಡುತ್ತಾನೆ. ಕಣ್ಣಿಗೆ ಕಾಣದ ತಗ್ಗು ತಂತಿಯ ತುದಿಗೆ ಸಿಕ್ಕುತ್ತದೆ. ಸಿಕ್ಕಿತೆಂದರೆ ಆ ಚಿಪ್ಪಿನ ಕಥೆ ಮುಗಿಯಿತು. ಗಂಟೆಗಟ್ಟಲೆ ಕೆತ್ತಿ ಒಪ್ಪಮಾಡಿದ್ದು, ಹತ್ತು ಸಲ ಗುರಿ ಮುಟ್ಟಿಸಿದ್ದು, ಹೊರನೋಟಕ್ಕೆ ಹೊಚ್ಚಹೊಸದರಂತೆ ಬೆಳಗುವುದು, ಈ ಯಾವ ಮೋಹಕ್ಕೂ ಅವನು ಒಳಗಾಗಲಾರ. ಬರಿದೆ ಎಸೆದರೆ ಇನ್ನಾವನಾದರೂ ತಿಳಿಯದೆ ಹೆಕ್ಕಿಕೊಂಡಾನೆಂದು, ಇಕ್ಕಳದಿಂದ ಅದರ ಬಾಯಿಯನ್ನು ಜಜ್ಜಿ, ಆಮೇಲೆ ಹಳೆಯ ಹಿತ್ತಾಳೆಯ ಡಬ್ಬಿಗೆ ಹಾಕುತ್ತಾನೆ.