ವೆಳ್ಳ ಕೊಡು

ನಮ್ಮ ಕಡೆ ಕೆಲಸಕ್ಕೆ ಜನ ಹುಡುಕುವುದೆಂದರೆ ಅಡಿಕೆ ಕೊಯ್ಲಿಗೆ, ಇಲ್ಲವೆ ಹಟ್ಟಿಯ ಕೆಲಸಕ್ಕೆ ಎಂದೇ ಅರ್ಥ. ಮಗುವನ್ನು ನೋಡಿಕೊಳ್ಳಲು ಸಂಬಳದ ಜನ ಇಡುವ ಕ್ರಮ ನಮ್ಮ ಕುಟುಂಬದಲ್ಲಿ ಇರಲಿಲ್ಲ. ಅಜ್ಜಿ ಇದ್ದಾರೆ, ದೊಡ್ಡಮ್ಮ ಇದ್ದಾರೆ, ಮಗು ತಾನಾಗಿ ಬೆಳೆಯುತ್ತದೆ. 2012ರಲ್ಲಿ ಮಗಳು ಹುಟ್ಟುವವರೆಗೆ ನಾನೂ ಹಾಗೆಯೇ ತಿಳಿದಿದ್ದೆ.

ಮಗಳಿಗೆ ಡೌನ್ ಸಿಂಡ್ರೋಮ್. 21ನೆಯ ಕ್ರೋಮೋಸೋಮು ಎರಡಿರಬೇಕಾದಲ್ಲಿ ಮೂರಿರುತ್ತದೆ, ಅಷ್ಟೆ. ಮದ್ದಿನಿಂದ ಹೋಗುವಂಥದ್ದಲ್ಲ, ಯಾರ ತಪ್ಪಿನಿಂದ ಬಂದದ್ದೂ ಅಲ್ಲ. ಇಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ತೊಂದರೆ ಇರುತ್ತದೆ. ಅವಳಿಗೂ ಇತ್ತು, ವರ್ಷ ತುಂಬುವ ಮೊದಲೇ ಮಂಗಳೂರಿನಲ್ಲಿ ಆಪರೇಷನ್ ಆಯಿತು. ಮೈಯ ಸ್ನಾಯುಗಳು ಸಡಿಲ. ಎತ್ತಿಕೊಂಡರೆ ನೀರಿನಲ್ಲಿ ನೆನೆದ ಬಟ್ಟೆಯ ಹಾಗೆ ಕೈಯಿಂದ ಜಾರುತ್ತಿದ್ದಳು. ಒಂದು ಬಟ್ಟಲು ಗಂಜಿ ಉಣಿಸಲು ಮುಕ್ಕಾಲು ಗಂಟೆ.

ನನ್ನ ರಜೆಗಳೆಲ್ಲ ಮುಗಿದುವು. ನಾನು ಕನ್ನಡ ಶಾಲೆಯ ಟೀಚರು. ಇವರು ಬೆಳಗ್ಗಿನ ಗಾಡಿಗೆ ಕುಂಬಳೆಯಿಂದ ಮಂಗಳೂರಿಗೆ ಹೋದರೆ ಬರುವುದು ರಾತ್ರಿ. ಅತ್ತೆಗೆ ಗಂಟುನೋವು. ಹುಡುಕಲು ತೊಡಗಿದೆವು. ವಿಚಾರಿಸಿದವರೆಲ್ಲ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: "ಎಂಡೋಸಲ್ಫಾನಾ?" ನಮ್ಮ ಜಿಲ್ಲೆಯಲ್ಲಿ ಅದು ಸಹಜವೇ. ಎರಡು ದಶಕಕ್ಕೂ ಮೀರಿ, 2000ದ ವರೆಗೆ, ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಆ ವಿಷ ಇಲ್ಲಿನ ಎಷ್ಟು ಮನೆಗಳ ಬಾಗಿಲು ಮುಚ್ಚಿಸಿತು ಎಂಬುದನ್ನು ಈ ಸಂಚಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಅಲ್ಲ, ಇದು ಬೇರೆ ಎಂದು ವಿವರಿಸಿ ವಿವರಿಸಿ ನನಗೆ ಸಾಕಾಯಿತು. ವಿವರಿಸುವಾಗ ದನಿಯಲ್ಲಿ ಒಂದು ಬಗೆಯ ಸಮಾಧಾನ ಇಣುಕುತ್ತಿತ್ತು. ಅದು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಪೇಟೆಯ ಏಜೆನ್ಸಿಯೊಂದು ಮುಂಗಡ ಹಣ ತೆಗೆದುಕೊಂಡು ಒಬ್ಬ ಹೋಂ ನರ್ಸನ್ನು ಕಳುಹಿಸಿತು. ಮುದುಕರನ್ನು ನೋಡಿ ಅಭ್ಯಾಸ, ಇಂಥ ಮಗು ಆಗುವುದಿಲ್ಲ ಎಂದು ನಾಲ್ಕನೆಯ ದಿನ ಚೀಲ ಹಿಡಿದು ಹೊರಟಳು. ಮುಂಗಡ ವಾಪಸು ಬರಲಿಲ್ಲ.

ಆಮೇಲೆ ಬಂದವಳು ನಮ್ಮ ಆಚೆಮನೆಯ ಕಡೆಯವಳೇ. ನಂಬಿಕಸ್ತೆ. ಎಂಟು ತಿಂಗಳು ಇದ್ದಳು. ಒಂದು ಮಳೆಗಾಲದ ಮಧ್ಯಾಹ್ನ ಶಾಲೆಗೆ ಬೇಗ ರಜೆ ಕೊಟ್ಟರು. ಕೊಡೆ ಮಡಚಿ ಜಗಲಿ ಹತ್ತಿದರೆ ಮಗಳ ಕಾಲಿಗೆ ಹಳೆ ಸೀರೆಯ ತುಂಡು, ಅದರ ಇನ್ನೊಂದು ತುದಿ ಕಿಟಕಿಯ ಸರಳಿಗೆ. ಮಗಳು ಅಳುತ್ತಿರಲಿಲ್ಲ. ಅಭ್ಯಾಸವಾಗಿತ್ತು. ಅವಳು ಅಡುಗೆಮನೆಯಿಂದ ಓಡಿಬಂದು, "ತೆವಳಿಕೊಂಡು ಬಾವಿಕಟ್ಟೆಗೆ ಹೋಗ್ತದೆ ಟೀಚರೇ, ನಾನು ಎಂತ ಮಾಡುದು?" ಎಂದಳು. ಅವಳ ಮೊಣಕೈವರೆಗೆ ಉದ್ದಿನ ಹಿಟ್ಟು.

ಆ ದಿನವೇ ಅವಳನ್ನು ಕಳುಹಿಸಿಬಿಟ್ಟೆ. ಆ ಹಿಟ್ಟು ಕಣ್ಣಿಗೆ ಕಟ್ಟಿದ್ದು ರಾತ್ರಿ. ಮಗುವನ್ನು ನೋಡಲೆಂದು ಕರೆದು, ಪಾತ್ರೆ, ಬಟ್ಟೆ, ಅರೆಯುವುದು, ಅತ್ತೆಗೆ ಎಣ್ಣೆ ತಿಕ್ಕುವುದು, ಒಂದೊಂದೇ ಸೇರಿಸುತ್ತ ಹೋದವರು ನಾವು. ಸೀರೆಯ ತುಂಡು ಕಟ್ಟಿದ ಕೈ ಅವಳದ್ದು ನಿಜ.

ಚೇಚಿ ಬಂದದ್ದು 2014ರ ಕೊನೆಗೆ, ಚಂದ್ರಗಿರಿ ಹೊಳೆಯ ಆಚೆಯಿಂದ. ಬೀಡಿ ಕಟ್ಟುತ್ತಿದ್ದವರು, ವಿಧವೆ, ಐವತ್ತರ ಹತ್ತಿರ. ತಂಗಿಯ ಮಗ ಗೇರುತೋಟದ ಬದಿಯಲ್ಲಿ ಹುಟ್ಟಿ ಹದಿನಾರು ವರ್ಷ ಮಲಗಿದಲ್ಲೇ ಇದ್ದನಂತೆ. ಅವನನ್ನು ನೋಡಿದ್ದು ಇವರೇ. ಜಗಲಿಯಲ್ಲಿ ಕೂತು ಮೊದಲು ಲೆಕ್ಕ ಹೇಳಿದರು. ತಿಂಗಳಿಗೆ 7,000, ಬಸ್ಸಿನ ದುಡ್ಡು ಬೇರೆ. ಭಾನುವಾರ ಬರುವುದಿಲ್ಲ. ಓಣಕ್ಕೆ ಎರಡು ದಿನ, ತರವಾಡಿನ ಕಳಿಯಾಟಕ್ಕೆ ಎರಡು ದಿನ ರಜೆ. ಆಮೇಲೆ ಅತ್ತೆಯ ಮುಖ ನೋಡಿ, "ಕುಟ್ಟಿಯೆ ಞಾನ್ ನೋಕ್ಕಾಂ. ಪಾತ್ರಂ ಕಳುಗಾನ್ ವೇರೆ ಆಳೆ ನೋಕ್ಕಿಕ್ಕೋ," ಎಂದರು.

ಅತ್ತೆಗೆ ಸಿಟ್ಟು ಬಂತು. "ಇದು ಒಳ್ಳೆ ಕಥೆ! ಮಗು ಮಲಗಿದಾಗ ಇವಳು ಎಂತ ಮಾಡ್ತಾಳೆ, ಗೋಡೆ ನೋಡ್ತಾಳಾ?" ನಾನು ಒಪ್ಪಿಕೊಂಡೆ. ಪಾತ್ರೆ ನಾನೇ ತೊಳೆದೆ.

ಚೇಚಿ ಮಗುವನ್ನು ನೆಟ್ಟಗೆ ಕೂರಿಸಿಯೇ ಉಣಿಸುತ್ತಿದ್ದರು, ಚಿಕ್ಕ ಚಮಚದಲ್ಲಿ, ನುಂಗಿದ್ದು ಖಚಿತವಾಗದೆ ಎರಡನೆಯ ತುತ್ತಿಲ್ಲ. ಕಂಕುಳಿಗೆ ಕೈಕೊಟ್ಟು ಎತ್ತಬಾರದು, ಕುತ್ತಿಗೆಗೆ ಆಧಾರ ಬೇಕು ಎಂಬುದನ್ನು ಡಾಕ್ಟರು ನನಗೆ ಹೇಳಿದ್ದರು, ನಾನು ಚೇಚಿಗೆ ಹೇಳಲು ಹೋದರೆ ಅವರು ಆಗಲೇ ಹಾಗೆ ಎತ್ತಿದ್ದರು. ಮಗು ಮಲಗಿದಾಗ ನಿಜವಾಗಿಯೂ ಗೋಡೆ ನೋಡುತ್ತ ಕೂರುತ್ತಿದ್ದರು.

ತೊಡಕು ಬಂದದ್ದು ಭಾಷೆಯಲ್ಲಿ. ಚೇಚಿಗೆ ಮಲಯಾಳ ಬಿಟ್ಟು ಬೇರೆ ಬಾರದು. ಮಂಗಳೂರಿನಲ್ಲಿ ಮಾತು ಕಲಿಸುವವರೊಬ್ಬರು, ಇಂಥ ಮಗುವಿಗೆ ಎರಡು ಭಾಷೆ ಕೂಡದು, ಒಂದನ್ನೇ ಹಿಡಿಯಿರಿ, ಇಲ್ಲವಾದರೆ ಯಾವುದೂ ಬಾರದು ಎಂದು ಖಡಾಖಂಡಿತ ಹೇಳಿಬಿಟ್ಟರು. ಮನೆಯಲ್ಲಿ ಇದು ಸಣ್ಣ ಮಾತಾಗಲಿಲ್ಲ. ನಮ್ಮ ಮಾವ ಕಯ್ಯಾರ ಕಿಞ್ಞಣ್ಣ ರೈಗಳ ಭಾಷಣ ಕೇಳಲು ಮೈಲಿಗಟ್ಟಲೆ ನಡೆದವರು; 1967ರ ಮಹಾಜನ ವರದಿಯ ಮಾತೆತ್ತಿದರೆ ಊಟ ತಣಿಯುತ್ತಿತ್ತು. ಅವರು ಕೂಗಾಡಲಿಲ್ಲ. "ಅವಳಿಗೆ ಒಂದೇ ಭಾಷೆ ಬರುದಾದ್ರೆ ಅದು ನಮ್ಮದಾಗದೆ ಹೋದ್ರೆ, ನಾನು ಅವಳ ಹತ್ತಿರ ಹೇಗೆ ಮಾತಾಡುದು ಮಗಾ?" ಎಂದರು ಅಷ್ಟೆ. ನನ್ನ ಕೊರಳು ಕಟ್ಟಿತು.

ಚೇಚಿಯನ್ನು ಬಿಡಬೇಕು, ಕನ್ನಡದವರನ್ನು ಹುಡುಕಬೇಕು. ಹುಡುಕಿದೆವು ಕೂಡ, ಎರಡು ತಿಂಗಳು. ಯಾರೂ ಸಿಗಲಿಲ್ಲ. ಆಗ ಬೇರೊಬ್ಬ ತಜ್ಞೆಯ ಬಳಿಗೆ ಹೋಗಿದ್ದರಿಂದ ನಾವು ಬದುಕಿಕೊಂಡೆವು. ಕೆನಡಾದ ಸಂಶೋಧಕರು 2005ರಲ್ಲೇ ಇದನ್ನು ಪರೀಕ್ಷಿಸಿ ಪ್ರಕಟಿಸಿದ್ದಾರೆ ಎಂದರು ಅವರು. ಎರಡು ಭಾಷೆಯ ಮನೆಗಳಲ್ಲಿ ಬೆಳೆದ ಡೌನ್ ಸಿಂಡ್ರೋಮಿನ ಮಕ್ಕಳು, ಒಂದೇ ಭಾಷೆಯಲ್ಲಿ ಬೆಳೆದ ಅಂಥವೇ ಮಕ್ಕಳಿಗಿಂತ ಹಿಂದೆ ಬಿದ್ದಿರಲಿಲ್ಲ. "ಮಾತು ತಡವಾಗಿಯೇ ಬರ್ತದೆ, ಅದು ಭಾಷೆಯಿಂದಲ್ಲ. ಅವಳ ಹತ್ತಿರ ಯಾರು ಹೆಚ್ಚು ಮಾತಾಡ್ತಾರೆ?" ನಾನು ಉತ್ತರ ಕೊಡಲಿಲ್ಲ. ಹೆಚ್ಚು ಮಾತಾಡುತ್ತಿದ್ದವರು ಚೇಚಿ.

ಮೂರು ದಾಟಿ ಕೆಲವು ತಿಂಗಳಾಗಿದ್ದಾಗ ಮೊದಲ ಮಾತು ಬಂತು. "ವೆಳ್ಳ." ಕೊನೆಯ 'ಮ್' ಇಲ್ಲ. ಚೇಚಿ ನೀರಿನ ಲೋಟ ಹಿಡಿದು ನಿಂತಿದ್ದರು, ನಾನು ಬಾಗಿಲಲ್ಲಿ. ಸಂತೋಷಪಡಬೇಕಾದ ಗಳಿಗೆ. ಮೂರು ವರ್ಷ ಕಾದದ್ದು ನಾನು, ಮಾತು ಹೋದದ್ದು ಅವರಿಗೆ. ಅಂಗಳಕ್ಕೆ ಹೋಗಿ ಒಣಗಲು ಹಾಕಿದ ಬಟ್ಟೆಯನ್ನು ಸುಮ್ಮನೆ ಮಗುಚಿ ಹಾಕಿದೆ. ಅತ್ತೆ ಮಾತ್ರ, ಮಲಯಾಳವೆಂದರೆ ಮುಖ ತಿರುಗಿಸುತ್ತಿದ್ದವರು, ದೇವರ ಮುಂದೆ ದೀಪ ಹಚ್ಚಿದರು.

ಆರು ತಿಂಗಳ ನಂತರ ಒಂದು ಸಂಜೆ ಮಾವ ಜಗಲಿಯಲ್ಲಿ ಪೇಪರು ಓದುತ್ತಿದ್ದರು. ಮಗಳು ಅವರ ಪಂಚೆ ಎಳೆದು, "ವೆಳ್ಳ ಕೊಡು" ಎಂದಳು. ಅವಳ ಮೊದಲ ಎರಡು ಪದದ ಮಾತು. ಮೊದಲರ್ಧ ಹೊಳೆಯ ಆಚೆಯದ್ದು, ಕೊನೆಯರ್ಧ ನಮ್ಮದು. ಮಾವ ಪೇಪರು ಬದಿಗಿಟ್ಟು, ತಾನೇ ಎದ್ದು ಒಳಗೆ ಹೋಗಿ ನೀರು ತಂದರು.

2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿನ ಎಲ್ಲವೂ ನಿಂತಿತು. ಬಸ್ಸಿಲ್ಲದೆ ಚೇಚಿ ನಮ್ಮಲ್ಲೇ ಉಳಿದರು. ಭಾನುವಾರದ ಸಂಬಳ ಬೇರೆ ಲೆಕ್ಕಹಾಕಿ ಕೊಡಲು ಹೋದರೆ ಮುಜುಗರಪಡದೆ ಎಣಿಸಿ ತೆಗೆದುಕೊಂಡರು. ಮರುವರ್ಷ ಸೊಂಟನೋವಿನಿಂದ ಕೆಲಸ ಬಿಟ್ಟರು.

ಮಗಳು ಈಗ ಶಾಲೆಗೆ ಹೋಗುತ್ತಾಳೆ, ನನ್ನ ತರಗತಿಯ ಪಕ್ಕದ ಕೋಣೆಗೆ. ತನ್ನ ಹೆಸರನ್ನು ಕನ್ನಡದಲ್ಲಿ ಬರೆಯುತ್ತಾಳೆ, ಒಂದಕ್ಷರ ತಲೆಕೆಳಗಾಗಿ. ಹೋದ ವಿಷುವಿಗೆ ಚೇಚಿ ಬಂದಿದ್ದರು. ಕೂತಕೂಡಲೇ ಮಗಳು ಒಳಗೆ ಓಡಿ, ಅರ್ಧ ಚೆಲ್ಲಿಕೊಂಡು ಒಂದು ಲೋಟ ತಂದು ಅವರ ಮುಂದೆ ಹಿಡಿದಳು. ಅತ್ತೆ ನೆಲ ಒರೆಸಲು ಬಟ್ಟೆ ಹುಡುಕುತ್ತಿದ್ದರು.