ಜಾರ್ಜಿಯಾದ ಮಾಮ

ಕೊರಿಯನ್ ಧಾರಾವಾಹಿಗಳ ಹುಚ್ಚು ಹಿಡಿದಿದ್ದಾಗ ನಾನೊಬ್ಬ ಸಂಶೋಧಕನೂ ಆಗಿಬಿಟ್ಟೆ. ಅಲ್ಲಿಯ ಮಕ್ಕಳೂ ತಂದೆಯನ್ನು ‘ಅಪ್ಪಾ’ ಅನ್ನುತ್ತವೆ. ‘ನಾ’ ಅಂದರೆ ನಾನೇ. ದಿನಕ್ಕೆ ‘ನಲ್’, ನಮ್ಮ ಹಳಗನ್ನಡದಲ್ಲಿ ‘ನಾಳ್’. ಹುಲ್ಲಿಗೆ ‘ಪುಲ್’, ಥೇಟ್ ಹಳಗನ್ನಡ! (ಆ ಪಕಾರಕ್ಕೆ ಕೊಂಚ ಉಸಿರು ಸೇರಿರುತ್ತದೆ. ಬೇಕೆಂದೇ ಕೇಳಿಸಿಕೊಳ್ಳಲಿಲ್ಲ.) ಹೋಮರ್ ಹಲ್ಬರ್ಟ್ ಎಂಬ ಅಮೆರಿಕನ್ ಮಿಷನರಿ 1905ರಲ್ಲೇ ಕೊರಿಯನ್ನನ್ನು ದ್ರಾವಿಡ ಭಾಷೆಗಳ ಜತೆ ಹೋಲಿಸಿ ಪುಸ್ತಕ ಬರೆದಿದ್ದ ಎಂದು ತಿಳಿದ ಮೇಲಂತೂ ಕೇಳಬೇಕೆ? ಸಾಹಿತ್ಯಾಸಕ್ತರ ಕೂಟವೊಂದರಲ್ಲಿ ಭಾಷಣಕ್ಕೆ ಒಪ್ಪಿಕೊಂಡೆ.

ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಇನ್ನೊಂದು ಪಟ್ಟಿಯಿತ್ತು. ‘ಮುಲ್’ ಅವರಿಗೆ ನೀರು, ನಮಗೆ ಮುಳ್ಳು. ‘ಖಲ್’ ಅವರಿಗೆ ಚಾಕು, ನಮಗೆ ಕಲ್ಲು. ‘ಪಲ್’ ಅವರಿಗೆ ತೋಳು, ಹಳಗನ್ನಡಕ್ಕೆ ಹಲ್ಲು. ಅಕ್ಕಿಯಲ್ಲಿ ಕಲ್ಲು ಆರಿಸಿ ಎಸೆದ ಹಾಗೆ ಅವನ್ನೆಲ್ಲ ಎಸೆದು ವೇದಿಕೆ ಹತ್ತಿದೆ. ಚಪ್ಪಾಳೆಯೂ ಬಿತ್ತು.

ಆಮೇಲೆ ನಿವೃತ್ತ ಮೇಷ್ಟರೊಬ್ಬರು ಎದ್ದರು. “ಜಾರ್ಜಿಯಾ ದೇಶದಲ್ಲಿ ‘ಮಾಮ’ ಅಂದ್ರೆ ಯಾರು, ಗೊತ್ತೇನ್ರೀ? ಅಪ್ಪ! ಅಮ್ಮನಿಗೆ ‘ದೆದ’. ಚೀನಾದಲ್ಲಿ ಮಾಮ ಅಂದ್ರೆ ಅಮ್ಮ. ನಮ್ಮಲ್ಲಿ ಸೋದರಮಾವ. ಈಗ ಹೇಳಿ, ಇವರೆಲ್ಲ ನಮ್ಮ ನೆಂಟರೋ ಅಲ್ಲವೋ?”

ನಾನು ನೀರು ಕುಡಿದೆ.

ಅವರೇ ಬಿಡಿಸಿ ಹೇಳಿದರು. ಕೂಸಿನ ತುಟಿಗೆ ಮೊದಲು ಒಲಿಯುವುದು ಮ, ಪ, ಬ. ಆ ತೊದಲನ್ನು ಯಾರಿಗೆ ಅಂಟಿಸಬೇಕೆಂದು ಆಯಾ ಊರಿನ ದೊಡ್ಡವರು ತೀರ್ಮಾನಿಸುತ್ತಾರೆ. ಭಾಷಾಶಾಸ್ತ್ರಜ್ಞ ರೋಮನ್ ಯಾಕಬ್ಸನ್ ಇದನ್ನು ವಿವರವಾಗಿ ಬರೆದಿದ್ದಾನೆ. ಹಾಗಾಗಿ ‘ಅಪ್ಪ’ ಸಾಕ್ಷಿಕಟ್ಟೆ ಹತ್ತುವಂತಿಲ್ಲ. ‘ನಾ’ದಂಥ ಪುಟಾಣಿ ಪದಗಳೂ ಅಷ್ಟೆ. ಬಾಯಿ ಹೊರಡಿಸಬಲ್ಲ ಒಂದಕ್ಷರದ ಸದ್ದುಗಳೇ ಕೆಲವು, ಪ್ರಪಂಚದಲ್ಲಿ ಭಾಷೆಗಳೋ ಸಾವಿರಾರು. ಡಿಕ್ಕಿ ಹೊಡೆಯದಿದ್ದರೇ ಆಶ್ಚರ್ಯ.

ನಂಟಸ್ತಿಕೆಯ ಗುರುತು ಬೇರೆ. ತಮಿಳಿನ ಪಾಲ್ ನಮಗೆ ಹಾಲು, ಪುಲಿ ಹುಲಿ, ಪೂ ಹೂ, ಪಲ್ ಹಲ್ಲು. ಸದ್ದು ಒಂದೇ ಇಲ್ಲ, ಆದರೆ ವ್ಯತ್ಯಾಸ ಸಾಲಾಗಿ ಒಂದೇ ದಾರಿ ಹಿಡಿದಿದೆ. ನನ್ನ ಪಟ್ಟಿಯಲ್ಲಿ ಅಂಥ ಸಾಲಿರಲಿಲ್ಲ. ಹಲ್ಬರ್ಟನ ವಾದವನ್ನೂ ಭಾಷಾಶಾಸ್ತ್ರಜ್ಞರು ಬಹುಪಾಲು ಒಪ್ಪಿಲ್ಲ. ಹುಲ್ಲು ‘ಪುಲ್’ ಆದ ಊರಿನಲ್ಲಿ ಹಲ್ಲು ‘ಪಲ್’ ಆಗಬೇಕಿತ್ತಲ್ಲ? ನಾನು ಎಸೆದ ಪುಟದಲ್ಲೇ ಉತ್ತರವಿತ್ತು: ಪಲ್ ಅಲ್ಲಿ ತೋಳು. ಹಲ್ಲಿಗೆ ಕೊರಿಯನ್ನರು ಹೇಳುವುದು ಬರೀ ‘ಇ’.